ಆರ್ ಫಂಕ್ಷನ್‌ಗಳೊಳಗೆ ಪ್ಲಾಟ್ ರಚಿಸುವಾಗ ವೇರಿಯೇಬಲ್‌ಗಳ ವ್ಯಾಪ್ತಿ

ಆರ್ ಪ್ರೋಗ್ರಾಮಿಂಗ್ ಭಾಷೆಯ ಫಂಕ್ಷನ್ ಒಂದು ಹೆಸರನ್ನು ಮೊದಲು ತನ್ನೊಳಗೆ, ಅಲ್ಲಿ ಸಿಗದಿದ್ದರೆ ತಾನು ರಚನೆಗೊಂಡ ಪರಿಸರದಲ್ಲಿ (ಹೆಸರುಗಳೂ ಅವುಗಳ ಮೌಲ್ಯಗಳೂ ಇರುವ ಜಾಗದಲ್ಲಿ) ಹುಡುಕುತ್ತದೆ. ಬೇಸ್ ಆರ್‌ನ ಪ್ಲಾಟ್ ಫಂಕ್ಷನ್‌ಗೆ ವೆಕ್ಟರ್‌ಗಳನ್ನು ನೇರವಾಗಿ ಕೊಡುವವರಿಗೆ ಇಷ್ಟು ತಿಳಿದಿದ್ದರೆ ಸಾಕು. ಪ್ಲಾಟ್ ರಚಿಸುವ ಪ್ಯಾಕೇಜ್ ಆದ ಜಿಜಿಪ್ಲಾಟ್2ರಲ್ಲಿ, ಯಾವ ಕಾಲಂ ಪ್ಲಾಟ್‌ನ ಯಾವ ಅಂಶಕ್ಕೆಂದು ಹೇಳುವ ಎಇಎಸ್ ಫಂಕ್ಷನ್ ಮಾತ್ರ ಬೇರೆ ಬಗೆಯದು: ಅದು ತನಗೆ ಕೊಟ್ಟ ಅಭಿವ್ಯಕ್ತಿಯನ್ನು ಲೆಕ್ಕ ಹಾಕದೆ ಹಾಗೆಯೇ ಹಿಡಿದಿಟ್ಟುಕೊಳ್ಳುತ್ತದೆ, ಅದರಲ್ಲಿನ ಹೆಸರುಗಳನ್ನು ಪ್ಲಾಟ್ ಮೂಡುವ ಹೊತ್ತಿನಲ್ಲಿ ಮೊದಲು ಡೇಟಾ ಫ್ರೇಮಿನ (ದತ್ತಾಂಶದ ಕೋಷ್ಟಕದ) ಕಾಲಂಗಳಲ್ಲಿ, ನಂತರ ಎಇಎಸ್ ಅನ್ನು ಕರೆದ ಪರಿಸರದಲ್ಲಿ ಹುಡುಕಲಾಗುತ್ತದೆ.

ಆದ್ದರಿಂದ ಕಾಲಂನ ಹೆಸರು ಫಂಕ್ಷನ್‌ಗೆ ಸ್ಟ್ರಿಂಗ್ (ಉದ್ಧರಣ ಚಿಹ್ನೆಯೊಳಗಿನ ಪಠ್ಯ) ಆಗಿ ಬಂದಾಗ ಅದನ್ನು ಹೊತ್ತ ವೇರಿಯೇಬಲ್ ಅನ್ನು ಎಇಎಸ್ ಒಳಗೆ ನೇರವಾಗಿ ಬರೆದರೆ, ಕಾಲಂನ ಮೌಲ್ಯಗಳ ಬದಲು ಆ ಸ್ಟ್ರಿಂಗೇ ಎಲ್ಲ ಬಿಂದುಗಳಿಗೂ ಒಂದೇ ಮೌಲ್ಯವಾಗಿ ಬಳಕೆಯಾಗುತ್ತದೆ. ಇಲ್ಲಿ ಡಾಟ್ ಡೇಟಾ ಎಂದು ಬರೆದು, ಅದರ ಮುಂದೆ ಜೋಡಿ ಚೌಕ ಆವರಣದೊಳಗೆ ಆ ವೇರಿಯೇಬಲ್ ಅನ್ನು ಇಡಬೇಕು. ಉದ್ಧರಣ ಚಿಹ್ನೆಯಿಲ್ಲದೆ ಕಾಲಂನ ಹೆಸರನ್ನು ಪಡೆಯುವ ಫಂಕ್ಷನ್ ಆದರೆ ಆರ್ಗ್ಯುಮೆಂಟ್ ಅನ್ನು ಜೋಡಿ ಪುಷ್ಪಾವರಣದೊಳಗೆ ಬರೆಯಬೇಕು. ಹಳೆಯ ಕೋಡ್‌ನಲ್ಲಿ ಕಾಣುವ ಎಇಎಸ್ ಸ್ಟ್ರಿಂಗ್ ಎಂಬ ಫಂಕ್ಷನ್ ಅನ್ನು ಹೊಸದಾಗಿ ಬಳಸದಿರುವುದು ಒಳಿತು; ಜಿಜಿಪ್ಲಾಟ್2ರ 2018ರ 3.0.0 ಆವೃತ್ತಿಯಿಂದಲೇ ಅದನ್ನು ಕೈಬಿಡುವ ಸೂಚನೆಯಿದೆ.

ಫಂಕ್ಷನ್‌ನ ಸ್ಥಳೀಯ ವೇರಿಯೇಬಲ್‌ಗೂ ಒಂದು ಕಾಲಂಗೂ ಒಂದೇ ಹೆಸರಿದ್ದರೆ, ಯಾವ ಎಚ್ಚರಿಕೆಯೂ ಇಲ್ಲದೆ ಕಾಲಂ ಗೆಲ್ಲುತ್ತದೆ. ಸ್ಥಳೀಯ ಮೌಲ್ಯವೇ ಬೇಕಿದ್ದರೆ ಅದರ ಹಿಂದೆ ಡಾಟ್ ಎನ್ವ್ ಮತ್ತು ಡಾಲರ್ ಚಿಹ್ನೆಯನ್ನು ಸೇರಿಸಿ.

ಹೆಚ್ಚು ದಾರಿ ತಪ್ಪಿಸುವುದು ಫಾರ್ ಲೂಪ್. ಲೂಪ್‌ನ ಪ್ರತಿ ಸುತ್ತಿಗೂ ಹೊಸ ಪರಿಸರ ಹುಟ್ಟುವುದಿಲ್ಲವಾದ್ದರಿಂದ, ಪ್ಲಾಟ್‌ಗಳನ್ನು ಲಿಸ್ಟ್‌ನಲ್ಲಿ ಕೂಡಿಟ್ಟು ಕೊನೆಗೆ ತೆರೆದಾಗ ಎಲ್ಲವೂ ಕೊನೆಯ ಸುತ್ತಿನ ಕಾಲಂ ಅನ್ನೇ ತೋರಿಸುತ್ತವೆ. ಲ್ಯಾಬ್ಸ್ ಫಂಕ್ಷನ್‌ಗೆ ಕೊಟ್ಟ ಶೀರ್ಷಿಕೆಯಾದರೋ ಆಯಾ ಸುತ್ತಿನಲ್ಲೇ ಲೆಕ್ಕವಾಗಿರುವುದರಿಂದ ಸರಿಯಾಗಿಯೇ ಇರುತ್ತದೆ. ಶೀರ್ಷಿಕೆಯನ್ನು ನಂಬಿದವರ ಕಣ್ಣಿಗೆ ತಪ್ಪು ಬೀಳುವುದೇ ಇಲ್ಲ. ಪ್ಲಾಟ್ ರಚಿಸುವ ಭಾಗವನ್ನು ಪ್ರತ್ಯೇಕ ಫಂಕ್ಷನ್ ಮಾಡಿ, ಲಿಸ್ಟ್‌ನ ಪ್ರತಿ ಅಂಶಕ್ಕೂ ಒಂದು ಫಂಕ್ಷನ್ ಅನ್ನು ಅನ್ವಯಿಸುವ ಎಲ್‌ಅಪ್ಲೈ ಮೂಲಕ ಕರೆಯುವುದು ಇದಕ್ಕೆ ಅತ್ಯಂತ ಸ್ವಚ್ಛವಾದ ಪರಿಹಾರ, ಏಕೆಂದರೆ ಪ್ರತಿ ಕರೆಗೂ ತನ್ನದೇ ಪರಿಸರವಿರುತ್ತದೆ. ಲೂಪ್ ಅನ್ನೇ ಉಳಿಸಿಕೊಳ್ಳಬೇಕಾದರೆ ವೇರಿಯೇಬಲ್‌ನ ಹಿಂದೆ ಎರಡು ಆಶ್ಚರ್ಯಸೂಚಕ ಚಿಹ್ನೆಗಳನ್ನು ಬರೆಯಿರಿ. ಆಗ ಅದರ ಮೌಲ್ಯ ಆ ಕ್ಷಣದಲ್ಲೇ ಅಭಿವ್ಯಕ್ತಿಯೊಳಗೆ ಸೇರುತ್ತದೆ.

ಹೆಸರು ಸಿಗಲಿಲ್ಲವೆಂಬ ದೋಷ ಬಂದಾಗ ಜೋಡಿ ಬಾಣದ ನಿಯೋಜನೆಯಿಂದ ಮೌಲ್ಯವನ್ನು ಜಾಗತಿಕ ಪರಿಸರಕ್ಕೆ ತಳ್ಳುವ ರೂಢಿ ಕೆಲವರಲ್ಲಿದೆ. ಅದರಿಂದ ದೋಷಸಂದೇಶ ಮರೆಯಾದರೂ, ಇನ್ನೊಂದು ಫಂಕ್ಷನ್ ಅದೇ ಹೆಸರಿಗೆ ಬೇರೆ ಮೌಲ್ಯ ಕೊಟ್ಟೊಡನೆ ಇನ್ನೂ ತೆರೆಯದ ಪ್ಲಾಟ್ ಕೂಡ ಬದಲಾಗಿಬಿಡುತ್ತದೆ.