ಕ್ರೀಮ್ ಪೈ ಮೇಲೆ ಕುರಿಮಂದೆ

ಥೀಮ್ ಇರುವ ಪೈ ಮಾಡುವಾಗ ನಾನು ಮೊದಲು ಚಿತ್ರದ ಬಗ್ಗೆ ಯೋಚಿಸುವುದಿಲ್ಲ. ಕ್ರೀಮ್‌ಗೆ ಏನು ಸಲೀಸಾಗಿ ಬರುತ್ತದೆ ಅಂತ ನೋಡುತ್ತೇನೆ. ಚೂಪಾದ ಮೂಲೆ, ನೇರ ಗೆರೆ, ಸಣ್ಣ ಮೂಗು ಬಾಯಿ ಇವೆಲ್ಲ ಅದರಲ್ಲಿ ನಿಲ್ಲುವುದಿಲ್ಲ. ಉಬ್ಬು, ಸುರುಳಿ, ಗುಂಗುರು ಮಾತ್ರ ತಾನಾಗಿಯೇ ಬರುತ್ತವೆ. ಗುಂಗುರು ಅಂದಮೇಲೆ ಕುರಿಯೇ ಅಲ್ವಾ? ಹಾಗಾಗಿ ಹಸಿರು ಹುಲ್ಲುಗಾವಲು, ಅದರಲ್ಲಿ ಎಂಟು ಕುರಿ, ತುಂಡಿಗೊಂದರಂತೆ ಅಂತ ತೀರ್ಮಾನಿಸಿದೆ.

ತಳಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. 9 ಇಂಚಿನ ಪೈ ತಟ್ಟೆಗೆ 200 ಗ್ರಾಂ ಬಿಸ್ಕತ್ತಿನ ಪುಡಿ, 90 ಗ್ರಾಂ ಕರಗಿಸಿದ ಬೆಣ್ಣೆ. ಕಲಸಿ, ಲೋಟದ ತಳದಿಂದ ಗಟ್ಟಿಯಾಗಿ ಒತ್ತಿ, 175 ಡಿಗ್ರಿಯಲ್ಲಿ 10 ನಿಮಿಷ ಬೇಕ್ ಮಾಡಿದೆ. ಆರಿದ ಮೇಲೆ ಒಳಗೆಲ್ಲ ಕರಗಿದ ಬಿಳಿ ಚಾಕೊಲೇಟ್ ತೆಳ್ಳಗೆ ಬಳಿದೆ. ಕಸ್ಟರ್ಡ್‌ನ ತೇವ ತಳಕ್ಕೆ ಇಳಿಯದಂತೆ ಈ ಪದರ ತಡೆಯುತ್ತದೆ. ಮರುದಿನವೂ ತಳ ಗರಿಗರಿಯಾಗಿರಬೇಕು ಅಂದರೆ ಇದನ್ನು ಬಿಡಬೇಡಿ.

ಕಸ್ಟರ್ಡ್ ಮಾತ್ರ ತಾಳ್ಮೆ ಕೇಳುತ್ತದೆ. 500 ಮಿ.ಲೀ. ಹಾಲು, 4 ಮೊಟ್ಟೆಯ ಹಳದಿ, 100 ಗ್ರಾಂ ಸಕ್ಕರೆ, 45 ಗ್ರಾಂ ಕಾರ್ನ್‌ಫ್ಲೋರ್. ಬಿಸಿ ಹಾಲನ್ನು ಹಳದಿಯ ಮಿಶ್ರಣಕ್ಕೆ ಸ್ವಲ್ಪ ಸ್ವಲ್ಪವೇ ಹಾಕಿ ಕದಡಿ, ಮತ್ತೆ ಒಲೆಗೆ ಇಟ್ಟೆ. ಗಟ್ಟಿಯಾಯ್ತು ಅಂತ ತಕ್ಷಣ ಇಳಿಸಬಾರದು. ಕೈಬಿಡದೆ ಕದಡುತ್ತಾ ಒಂದೆರಡು ನಿಮಿಷ ಗುಳುಗುಳು ಕುದಿಸಲೇಬೇಕು. ಮೊಟ್ಟೆಯ ಹಳದಿಯಲ್ಲಿ ಪಿಷ್ಟವನ್ನು ಒಡೆಯುವ ಕಿಣ್ವ ಇರುತ್ತದೆ. ಅದು ಸಾಯದಿದ್ದರೆ ರಾತ್ರಿ ಗಟ್ಟಿಯಾಗಿದ್ದ ಕಸ್ಟರ್ಡ್ ಬೆಳಗ್ಗೆ ನೀರಾಗಿರುತ್ತದೆ. ಕಾರ್ನ್‌ಫ್ಲೋರ್ ಇರುವುದರಿಂದ ಕುದಿಸಿದರೆ ಮೊಟ್ಟೆ ಒಡೆಯುತ್ತದೆ ಅನ್ನೋ ಭಯ ಬೇಡ. ಇಳಿಸಿ 30 ಗ್ರಾಂ ಬೆಣ್ಣೆ, ವೆನಿಲ್ಲಾ, ಒಂದು ಚೂರು ಹಸಿರು ಜೆಲ್ ಬಣ್ಣ ಸೇರಿಸಿದೆ. ಕಸ್ಟರ್ಡ್‌ನ ಹಳದಿ ಸೇರಿ ಸರಿಯಾದ ಹುಲ್ಲಿನ ಬಣ್ಣ ಬಂತು. ತಳಕ್ಕೆ ಸುರಿದು, ಕೆನೆ ಕಟ್ಟದಂತೆ ಮೇಲ್ಮೈಗೆ ತಾಗುವ ಹಾಗೆ ಪ್ಲಾಸ್ಟಿಕ್ ಹಾಳೆ ಮುಚ್ಚಿ, ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟೆ. ನಾಲ್ಕು ಗಂಟೆಯಾದರೂ ಬೇಕು.

ಹುಲ್ಲಿಗೆ ಪಿಸ್ತಾ ಪುಡಿ ಉದುರಿಸುವ ಮುಂಚೆ ಒಂದು ಸಣ್ಣ ಕೆಲಸ ಇದೆ. ಪುಡಿಯ ಮೇಲೆ ಕ್ರೀಮ್ ಅಂಟುವುದಿಲ್ಲ, ಕುರಿ ಜಾರುತ್ತದೆ. ಕ್ರೀಮ್ ಹಾಕಿದ ಮೇಲೆ ಉದುರಿಸಿದರೆ ಉಣ್ಣೆಯೆಲ್ಲ ಹಸಿರು. ಅದಕ್ಕೇ ಬಾಟಲಿಯ ಮುಚ್ಚಳದಷ್ಟು ಅಗಲದ ಕಾಗದದ ಬಿಲ್ಲೆಗಳನ್ನು ಕುರಿ ನಿಲ್ಲುವ ಜಾಗದಲ್ಲಿಟ್ಟು, ಪುಡಿ ಉದುರಿಸಿ, ಆಮೇಲೆ ಬಿಲ್ಲೆ ಎತ್ತಿದೆ.

ಇನ್ನು ಉಣ್ಣೆ. 35 ಪರ್ಸೆಂಟ್ ಕೊಬ್ಬಿನ ಕ್ರೀಮ್ 400 ಮಿ.ಲೀ., ಪುಡಿ ಸಕ್ಕರೆ 40 ಗ್ರಾಂ. ಬಟ್ಟಲು, ಬ್ಲೇಡು ಎಲ್ಲವೂ ತಣ್ಣಗಿರಬೇಕು, ಇಲ್ಲದಿದ್ದರೆ ಕೊಬ್ಬಿನ ಹನಿಗಳು ಮೆತ್ತಗಾಗಿ ಗಾಳಿಯನ್ನು ಹಿಡಿದಿಡುವುದಿಲ್ಲ. ಒಂದೂವರೆ ಟೀ ಚಮಚ ಜೆಲಟಿನ್ನನ್ನು ಎರಡು ದೊಡ್ಡ ಚಮಚ ತಣ್ಣೀರಲ್ಲಿ ನೆನೆಸಿ, ಕರಗಿಸಿ, ಉಗುರುಬೆಚ್ಚಗಾದ ಮೇಲೆ, ಕ್ರೀಮ್ ಅರ್ಧ ಗಟ್ಟಿಯಾದಾಗ ಸಣ್ಣ ಧಾರೆಯಾಗಿ ಸುರಿದೆ. ಜೆಲಟಿನ್ ಬೇಡ ಅನ್ನುವವರು ಎರಡು ಚಮಚ ಹಾಲಿನ ಪುಡಿ ಹಾಕಬಹುದು, ಆದರೆ ಅಷ್ಟು ಹೊತ್ತು ನಿಲ್ಲುವುದಿಲ್ಲ. ಕ್ರೀಮ್ ಹಿಂಡುವ ಚೀಲದ ತುದಿಗೆ ಹಾಕುವ ನಾಝಲ್‌ನಿಂದ ಗೆರೆಗಳು ಸ್ಪಷ್ಟವಾಗಿ ಬಂದರೆ ಸಾಕು, ಅಲ್ಲಿಗೇ ನಿಲ್ಲಿಸಿ. ಚೀಲದಲ್ಲಿ ಹಿಂಡುವಾಗಲೂ ಅದು ಇನ್ನಷ್ಟು ಗಟ್ಟಿಯಾಗುತ್ತದೆ.

ಸಣ್ಣ ನಕ್ಷತ್ರದ ನಾಝಲ್ ಹಾಕಿ, ಮೊದಲು ನಡುವೆ ಒಂದು ಗುಡ್ಡೆ, ಸುತ್ತ ಒತ್ತೊತ್ತಾಗಿ ಚುಕ್ಕಿಗಳು. ಒಂದು ಕಪ್ಪು ಕುರಿ ಇಲ್ಲದಿದ್ದರೆ ಮಜಾ ಎಲ್ಲಿ? ಅದಕ್ಕೆ ಸ್ವಲ್ಪ ಕ್ರೀಮ್ ಮೊದಲೇ ತೆಗೆದಿಟ್ಟು ಕೋಕೋ ಜರಡಿ ಹಿಡಿದು ಬೆರೆಸಿದೆ. ಕೋಕೋ ತೇವ ಹೀರಿಕೊಂಡು ಕ್ರೀಮ್ ಬೇಗ ಬಿಗಿಯಾಗುತ್ತದೆ, ಆದ್ದರಿಂದ ಈ ಪಾಲು ಇನ್ನೂ ಮೆತ್ತಗಿರುವಾಗಲೇ ತೆಗೆಯಬೇಕು. ಇನ್ನೊಂದು ಕುರಿಯನ್ನು ಅಂಗಾತ ಮಲಗಿಸಿ, ನಾಲ್ಕೂ ಕಾಲು ಮೇಲೆ ಮಾಡಿದೆ. ಎಲ್ಲರೂ ಮೊದಲು ತೋರಿಸಿದ್ದು ಅದನ್ನೇ.

ಮುಖ, ಕಿವಿ, ಕಾಲುಗಳನ್ನು ಕರಗಿದ ಡಾರ್ಕ್ ಚಾಕೊಲೇಟಿನಲ್ಲಿ ಬೆಣ್ಣೆ ಕಾಗದದ ಮೇಲೆ ಬರೆದು ಗಟ್ಟಿಯಾಗಿಸಿದ್ದೆ. ಎಂಟಕ್ಕೆ ಬೇಕಾದಕ್ಕಿಂತ ಜಾಸ್ತಿಯೇ ಮಾಡಿ, ಕಾಲು ಮುರಿಯುವುದು ಗ್ಯಾರಂಟಿ. ಕಣ್ಣಿಗೆ ಬಣ್ಣದ ಸಕ್ಕರೆ ಮಣಿ ಬಳಸುವುದಾದರೆ ಬಡಿಸುವ ಹೊತ್ತಿಗೇ ಇಡಿ. ಮೊದಲೇ ಇಟ್ಟರೆ ಬಣ್ಣ ಬಿಟ್ಟು ಕುರಿ ಅತ್ತ ಹಾಗೆ ಕಾಣುತ್ತದೆ. ಕತ್ತರಿಸುವಾಗ ಚಾಕುವನ್ನು ಬಿಸಿ ನೀರಲ್ಲಿ ಅದ್ದಿ, ಒರೆಸಿ, ಕುರಿಗಳ ನಡುವಿನ ಹುಲ್ಲಿನಲ್ಲೇ ಇಳಿಸಿ. ಪ್ರತಿ ಸಲ ಒರೆಸಬೇಕು, ಇಲ್ಲದಿದ್ದರೆ ಕಪ್ಪು ಕುರಿಯ ಕೋಕೋ ಪಕ್ಕದ ಬಿಳಿ ಕುರಿಗೆ ಮೆತ್ತುತ್ತದೆ.