ಕ್ಷಯದ ಮೆನಿಂಜೈಟಿಸ್: ಸ್ಕ್ಯಾನ್ ಓದುವುದನ್ನು ನಾನು ಕಲಿತದ್ದು

ನರರೋಗ ವಿಭಾಗದಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಎರಡು ವಾರಗಳಿಂದ ಜ್ವರ ಮತ್ತು ತಲೆನೋವಿನಿಂದ ಬಳಲಿ ಬಂದಿದ್ದ ಯುವಕನೊಬ್ಬನ ಸಿಟಿ ಸ್ಕ್ಯಾನನ್ನು ನಾನು ನಾರ್ಮಲ್ ಎಂದು ಬರೆದಿದ್ದೆ. ನಾಲ್ಕನೆಯ ದಿನ ಅವನಿಗೆ ಮಂಪರು ಕವಿಯಿತು, ಒಂದು ಕಣ್ಣಿನ ರೆಪ್ಪೆ ಜೋತುಬಿತ್ತು. ಅದೇ ಫಿಲಂಗಳನ್ನು ಮತ್ತೆ ಬೆಳಕಿಗೆ ಹಿಡಿದು ನೋಡಿದಾಗ, ಕಾಂಟ್ರಾಸ್ಟ್ (ಸ್ಕ್ಯಾನಿನಲ್ಲಿ ಎದ್ದು ಕಾಣಲೆಂದು ರಕ್ತಕ್ಕೆ ಚುಚ್ಚುವ ದ್ರವ) ಕೊಡುವ ಮುನ್ನ ತೆಗೆದ ಚಿತ್ರದಲ್ಲಿಯೇ, ಮಿದುಳಿನ ತಳದಲ್ಲಿ ದ್ರವವಿರುವ ಕಾರಣ ಕಪ್ಪಗೆ ಕಾಣಬೇಕಾದ ಸಂದುಗಳಾದ ಸಿಸ್ಟರ್ನ್‌ಗಳಲ್ಲಿ ಮಸುಕಾದ ಬಿಳುಪು ತುಂಬಿಕೊಂಡಿತ್ತು. ಮಿದುಳಿನೊಳಗಿನ ದ್ರವದ ಕೋಣೆಗಳ ಚಾಚುಗಳಾದ ಟೆಂಪೊರಲ್ ಹಾರ್ನ್‌ಗಳೂ ಆಗಲೇ ತುಸು ಹಿಗ್ಗಿದ್ದವು. ಅವನಿಗಿದ್ದದ್ದು ಕ್ಷಯದ ಮೆನಿಂಜೈಟಿಸ್, ಅಂದರೆ ಕ್ಷಯದ ರೋಗಾಣುವಿನಿಂದ ಮಿದುಳಿನ ಪೊರೆಗಳಿಗೆ ಬರುವ ಉರಿಯೂತ. ಅಂದಿನಿಂದ ನಾನು ಕಾಂಟ್ರಾಸ್ಟ್ ಚಿತ್ರಗಳಿಗೆ ಹೋಗುವ ಮೊದಲು ಸಾದಾ ಚಿತ್ರದ ತಳಭಾಗವನ್ನು ನಿಧಾನವಾಗಿ ನೋಡುತ್ತೇನೆ.

ಈ ರೋಗವನ್ನು ಅಂಕಗಳಿಂದ ಗುರುತಿಸಲು 2010ರಲ್ಲಿ ಪ್ರಕಟವಾದ ಏಕರೂಪದ ವ್ಯಾಖ್ಯೆಯಲ್ಲಿ ಸ್ಕ್ಯಾನಿಗೆ, ಕೂಡಿದರೆ ಎಷ್ಟೇ ಬಂದರೂ, ಗರಿಷ್ಠ 6 ಅಂಕಗಳಿವೆ. ಈ ಬಿಳುಪಿಗೆ 2, ತಳದ ಪೊರೆ ಕಾಂಟ್ರಾಸ್ಟ್ ಹೀರಿ ಹೊಳೆದರೆ 2, ಟ್ಯುಬರ್ಕುಲೋಮಾ (ಮಿದುಳಿನಲ್ಲಿ ಕ್ಷಯದ ಗಂಟು) ಇದ್ದರೆ 2, ಹೈಡ್ರೋಕೆಫಲಸ್‌ಗೆ (ದ್ರವ ತುಂಬಿ ಮಿದುಳಿನ ಕೋಣೆಗಳು ಹಿಗ್ಗುವುದು) ಮತ್ತು ಇನ್‌ಫಾರ್ಕ್ಟ್‌ಗೆ (ರಕ್ತ ತಲುಪದೆ ಮಿದುಳಿನ ಭಾಗ ಸಾಯುವುದು) ಒಂದೊಂದು. ಆದರೆ ಮೊದಲ ದಿನಗಳಲ್ಲಿ ಸ್ಕ್ಯಾನ್ ನಿಜಕ್ಕೂ ಶುದ್ಧವಾಗಿರಬಹುದು. ಆದ್ದರಿಂದ ಬೆನ್ನುಹುರಿ ದ್ರವದ ಪರೀಕ್ಷೆಯೂ ರೋಗಿಯ ಸ್ಥಿತಿಯೂ ಕ್ಷಯದ ಕಡೆಗೇ ಬೊಟ್ಟುಮಾಡುತ್ತಿದ್ದರೆ, ಚಿತ್ರ ಬದಲಾಗಲೆಂದು ಕಾಯದೆ ಔಷಧಿ ಶುರುಮಾಡುತ್ತೇನೆ.

ರೋಗಿ ಮುಂದೆ ಹೇಗಾದಾನು ಎಂಬ ಪ್ರಶ್ನೆಗೆ ನಾನು ಹೆಚ್ಚು ನೆಚ್ಚಿಕೊಂಡಿರುವುದು ಎಂಆರ್‌ಐಯ ಡಿಫ್ಯೂಷನ್ ಚಿತ್ರಗಳನ್ನು, ಅಂದರೆ ಅಂಗಾಂಶದಲ್ಲಿ ನೀರಿನ ಕಣಗಳ ಚಲನೆಯನ್ನು ತೋರುವ ಚಿತ್ರಗಳನ್ನು. ತಳದಲ್ಲಿ ಹೆಪ್ಪುಗಟ್ಟಿದ ಕೀವಿನಂಥ ಸ್ರಾವದ ನಡುವೆಯೇ ಹಾದುಹೋಗುವ ಸಣ್ಣ ರಕ್ತನಾಳಗಳು ಉರಿಯೂತದಿಂದ ಕಿರಿದಾಗಿ ಮುಚ್ಚಿಕೊಳ್ಳುವುದರಿಂದ, ಕಾಡೇಟ್‌ನ ತಲೆ, ಥಲಾಮಸ್‌ನ ಮುಂಭಾಗ, ಇಂಟರ್ನಲ್ ಕ್ಯಾಪ್ಸೂಲ್‌ನ ಮುಂದಿನ ತೋಳು, ಮಿದುಳಿನ ಆಳದ ಇಂಥ ಕಡೆಗಳಲ್ಲಿ ಸಿಟಿಗೆ ಇನ್ನೂ ಕಾಣದ ಇನ್‌ಫಾರ್ಕ್ಟ್‌ಗಳು ಈ ಚಿತ್ರಗಳಲ್ಲಿ ಬೆಳ್ಳಗೆ ಹೊಳೆಯುತ್ತವೆ. ಹೈಡ್ರೋಕೆಫಲಸ್‌ಗೆ ಶಂಟ್ (ಹೆಚ್ಚಾದ ದ್ರವವನ್ನು ಹರಿಸಿಬಿಡುವ ಕೊಳವೆ) ಹಾಕಿ ಒತ್ತಡ ಇಳಿಸಬಹುದು. ಸತ್ತ ಮಿದುಳಿಗೆ ಹಾಗೆ ಮಾಡುವಂತಿಲ್ಲ. ಅದಕ್ಕೇ ಅಂಥ ಚಿತ್ರ ಕೈಗೆ ಬಂದ ದಿನವೇ ಮನೆಯವರನ್ನು ಕೂರಿಸಿಕೊಂಡು, ಜೀವ ಉಳಿದರೂ ಕೈಕಾಲಿನ ದೌರ್ಬಲ್ಯ ಉಳಿಯಬಹುದು ಎಂಬುದನ್ನು ತಿಳಿಸುತ್ತೇನೆ.

ಇನ್ನೊಂದು ಮಾತು. ಚಿಕಿತ್ಸೆ ಸರಿಯಾಗಿ ನಡೆಯುತ್ತಿರುವಾಗಲೂ ಹೊಸ ಟ್ಯುಬರ್ಕುಲೋಮಾಗಳು ಕಾಣಿಸಿಕೊಳ್ಳುವುದುಂಟು, ಇದ್ದವು ದೊಡ್ಡದಾಗುವುದೂ ಉಂಟು. ಔಷಧಿ ನಾಟುತ್ತಿಲ್ಲವೆಂದು ಆಗ ಗಾಬರಿಯಾಗುತ್ತದೆ. ಮಾತ್ರೆಗಳನ್ನು ತಪ್ಪದೆ ತೆಗೆದುಕೊಂಡಿದ್ದಾರೆ, ರೋಗಾಣು ಔಷಧಿಗೆ ಮಣಿಯದ ಬಗೆಯದಲ್ಲ ಎಂಬುದನ್ನು ಖಚಿತಪಡಿಸಿಕೊಂಡ ಮೇಲೆ, ಇದು ದೇಹದ ಪ್ರತಿರೋಧದ ಪ್ರತಿಕ್ರಿಯೆಯೆಂದು ತಿಳಿದು, ಔಷಧಿ ನಿಲ್ಲಿಸದೆ ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಮುಂದುವರಿಸುತ್ತೇನೆ.

ಆ ಯುವಕನಿಗೆ ಶಂಟ್ ಹಾಕಿಸಿದೆವು. ನಡೆದುಕೊಂಡೇ ಮನೆಗೆ ಹೋದ. ಬಲಗೈ ಮಾತ್ರ ಪೂರ್ತಿ ಮರಳಲಿಲ್ಲ.