ಗ್ರೀನ್ ಕಾರ್ಡ್ ಕ್ಯೂನಲ್ಲಿ ಇದ್ದಷ್ಟು ವರ್ಷ ನಾವು ಏನ್ ಮಾಡಿದ್ವಿ: ನನ್ನ ಅನುಭವ

ಗ್ರೀನ್ ಕಾರ್ಡ್ ಅಂದ್ರೆ ಅಮೆರಿಕದಲ್ಲಿ ಕಾಯಂ ಆಗಿ ಇರೋಕೆ ಸಿಗೋ ಅನುಮತಿ. ನನ್ನ ಪ್ರಯಾರಿಟಿ ಡೇಟ್, ಅಂದ್ರೆ ಆ ಕ್ಯೂನಲ್ಲಿ ನನ್ನ ಜಾಗ ಹೇಳೋ ದಿನಾಂಕ, 2013ರ ಏಪ್ರಿಲ್; ಕೆಟಗರಿ ಇಬಿ-2 (ಹೆಚ್ಚಿನ ಓದು ಬೇಕಾದ ಕೆಲಸದೋರದ್ದು), ಇಂಡಿಯಾ. ಕಾರ್ಡ್ ಕೈಗೆ ಬಂದಿದ್ದು 2022ರ ಬೇಸಿಗೆಲಿ. ಇವತ್ತು ಕಾಯ್ತಿರೋರಿಗೆ ಇದು ಅದೃಷ್ಟ ಅನ್ಸುತ್ತೆ, ಹೌದು, ಅದೃಷ್ಟಾನೂ ಇತ್ತು. ಆದ್ರೆ ಡೇಟ್ ಮುಂದೆ ಬಂದ ದಿನ ಪೇಪರ್ ರೆಡಿ ಇಲ್ದೆ ಹಿಂದೆ ಉಳಿದೋರನ್ನ ತುಂಬಾ ಜನ ನೋಡಿದೀನಿ, ಅದಕ್ಕೇ ಬರೀತಿದೀನಿ.

ಎಲ್ಲರಿಗೂ ಗೊತ್ತಿರೋ ಲೆಕ್ಕ ಬೇಗ ಹೇಳ್ಬಿಡ್ತೀನಿ. ಕೆಲಸದ ಮೇಲೆ ಸಿಗೋ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000, ಅದರಲ್ಲೇ ಹೆಂಡತಿ ಗಂಡ ಮಕ್ಕಳು ಎಲ್ಲಾ ಸೇರಿ, ಒಂದು ದೇಶದಲ್ಲಿ ಹುಟ್ಟಿದೋರಿಗೆ ಶೇಕಡಾ 7ರ ಮಿತಿ. ಲೆಕ್ಕಕ್ಕೆ ಬರೋದು ಪಾಸ್‌ಪೋರ್ಟ್ ಅಲ್ಲ, ಹುಟ್ಟಿದ ಜಾಗ. ಮಂಗಳೂರು ಉಡುಪಿ ಕಡೆಯೋರಲ್ಲಿ ಕುವೈತ್, ದುಬೈನಲ್ಲಿ ಹುಟ್ಟಿದೋರು ಬೇಕಾದಷ್ಟು ಜನ ಇದಾರೆ, ಗಂಡ ಹೆಂಡತಿಲಿ ಒಬ್ರು ಹಾಗೆ ಹುಟ್ಟಿದ್ರೂ ಇಬ್ರೂ ಆ ದೇಶದ ಕ್ಯೂಗೆ ಹೋಗ್ಬಹುದು, ಇದನ್ನ ಮೊದಲು ನಿಮ್ಮ ಲಾಯರ್ ಹತ್ರ ಕೇಳಿ. ನಮ್ಮಿಬ್ಬರದ್ದೂ ಕರ್ನಾಟಕ, ಆ ದಾರಿ ಇರ್ಲಿಲ್ಲ.

2017ರಲ್ಲಿ ಕಂಪನಿ ಬದಲಾಯಿಸಿದೆ. ಬಿಡೋಕೆ ಮುಂಚೆ ಎಚ್‌ಆರ್ ಹತ್ರ ಪಟ್ಟು ಹಿಡಿದು ಐ-140 (ನಮಗೋಸ್ಕರ ಕಂಪನಿ ಹಾಕೋ ಗ್ರೀನ್ ಕಾರ್ಡ್ ಅರ್ಜಿ) ಅಪ್ರೂವಲ್ ನೋಟಿಸ್ ಕಾಪಿ, ನಾನು ಮಾಡ್ತಿದ್ದ ಕೆಲಸದ ವಿವರ ಇರೋ ಎಕ್ಸ್‌ಪೀರಿಯನ್ಸ್ ಲೆಟರ್ ಎರಡೂ ಇಸ್ಕೊಂಡೆ. "ಇದು ಕಂಪನಿ ಡಾಕ್ಯುಮೆಂಟ್, ಕೊಡಲ್ಲ" ಅಂತಾನೇ ಶುರು ಮಾಡಿದ್ರು, ಕೊನೆಗೆ ಕೊಟ್ರು. ಕೊಡದೇ ಇದ್ರೂ ರಿಸೀಟ್ ನಂಬರ್ ಆದ್ರೂ ಬರ್ಕೊಂಡು ಬನ್ನಿ. ಐ-140 ಅಪ್ರೂವ್ ಆಗಿ 180 ದಿನ ದಾಟಿದ್ಮೇಲೆ ಹಳೇ ಕಂಪನಿ ವಾಪಸ್ ತಗೊಂಡ್ರೂ ಪ್ರಯಾರಿಟಿ ಡೇಟ್ ನಿಮ್ದೇ, ಎಚ್-1ಬಿ ಕೆಲಸದ ವೀಸಾದ ಆರು ವರ್ಷ ದಾಟಿ ಮೂರು ಮೂರು ವರ್ಷ ಎಕ್ಸ್‌ಟೆಂಡ್ ಮಾಡೋಕೂ ಅದೇ ಆಧಾರ. ಹೊಸ ಕಂಪನಿ ಪರ್ಮ್ (ಆ ಕೆಲಸಕ್ಕೆ ಅಮೆರಿಕದೋರು ಸಿಗ್ಲಿಲ್ಲ ಅಂತ ಕಾರ್ಮಿಕ ಇಲಾಖೆಯಿಂದ ಪಡೆಯೋ ಸರ್ಟಿಫಿಕೇಟ್), ಐ-140 ಮತ್ತೆ ಮೊದಲಿಂದ ಮಾಡ್ತು, ಆದ್ರೆ 2013ರ ಡೇಟ್ ಹಾಗೇ ಬಂತು.

2020ರ ಅಕ್ಟೋಬರ್ ವೀಸಾ ಬುಲೆಟಿನ್ (ಯಾವ ಡೇಟಿನೋರ ಸರದಿ ಬಂತು ಅಂತ ತಿಂಗಳಿಗೊಮ್ಮೆ ಹೇಳೋ ಸರ್ಕಾರಿ ಪಟ್ಟಿ) ಬಂದಾಗ ಎಲ್ಲರ ವಾಟ್ಸಾಪೂ ಒಂದೇ ಸಮ ಕುಣೀತಿತ್ತು. ಇಬಿ-3 (ಇಬಿ-2ಗಿಂತ ಕೆಳಗಿನ ಕೆಟಗರಿ) ಇಂಡಿಯಾ ಫೈಲಿಂಗ್ ಡೇಟ್, ಅಂದ್ರೆ ಕೊನೇ ಹಂತದ ಅರ್ಜಿ ಹಾಕೋಕೆ ಬಿಡೋ ಡೇಟ್, 2015ರ ಜನವರಿ 1ಕ್ಕೆ ಹೋಗಿತ್ತು, ಇಬಿ-2 ಮಾತ್ರ 2011ರ ಮೇನಲ್ಲೇ ಇತ್ತು. ಅದೇ ಪರ್ಮ್ ಮೇಲೆ ಇಬಿ-3ಗೆ ಡೌನ್‌ಗ್ರೇಡ್ ಐ-140, ಜೊತೆಗೇ ಐ-485 (ಗ್ರೀನ್ ಕಾರ್ಡಿನ ಕೊನೇ ಹಂತದ ಅರ್ಜಿ), ಇಎಡಿ (ಕೆಲಸದ ಪರ್ಮಿಟ್), ಅಡ್ವಾನ್ಸ್ ಪೆರೋಲ್ (ಹೊರದೇಶಕ್ಕೆ ಹೋಗಿ ವಾಪಸ್ ಬರೋ ಅನುಮತಿ) ಎಲ್ಲಾ ಹಾಕೋಕೆ ಕಂಪನಿ ಒಪ್ತು. ಹಳೇ ಇಬಿ-2 ಐ-140ನ ಮುಟ್ಟೋದು ಬೇಡ ಅಂತ ಲಾಯರ್‌ಗೆ ಸ್ಪಷ್ಟವಾಗಿ ಬರೆದು ಹೇಳಿದ್ದೆ, ಮುಂದೆ ಅದೇ ಕೈ ಹಿಡೀತು.

ನಿಜವಾಗ್ಲೂ ಓಡಾಡ್ಸಿದ್ದು ಐ-485 ಜೊತೆ ಕೊಡ್ಬೇಕಾದ ಬರ್ತ್ ಸರ್ಟಿಫಿಕೇಟ್. ನಂದ್ರಲ್ಲಿ ಹೆಸರಿನ ಜಾಗ ಖಾಲಿ, ಬರೀ "ಹೆಣ್ಣು". ಅಪ್ಪನ ಹೆಸರು ಒಂದ್ಕಡೆ ಒಂದೇ ಪದ, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಲ್ಲಿ ಎರಡು ಪದ, ಪಾಸ್‌ಪೋರ್ಟಲ್ಲಿ ಇನ್ನೊಂಥರ. ನಮ್ಮ ಯಜಮಾನ್ರು ಹಾಸನದ ಹತ್ರ ಹಳ್ಳಿಲಿ ಮನೇಲೇ ಹುಟ್ಟಿದೋರು, ನೋಂದಣಿನೇ ಆಗಿರ್ಲಿಲ್ಲ. ಪುಣ್ಯಕ್ಕೆ ಇದನ್ನೆಲ್ಲ ಹಿಂದಿನ ವರ್ಷ ಊರಿಗೆ ಹೋದಾಗ್ಲೇ ಹಿಡ್ಕೊಂಡಿದ್ವಿ. ನನ್ನ ಹೆಸರು ಸೇರ್ಸೋಕೆ ಅಪ್ಪ ಆಫೀಸಿಗೆ ಅಲೆದ್ರು, "ಅಮೆರಿಕದೋರಿಗೆ ನಾನು ನಿನ್ನ ಅಪ್ಪ ಅಂತ ಸಾಬೀತು ಮಾಡ್ಬೇಕೇನೇ" ಅಂತ ಬೇಜಾರು ಮಾಡ್ಕೊಂಡ್ರೂ ಬಿಡ್ಲಿಲ್ಲ. ಯಜಮಾನ್ರಿಗೆ ನೋಂದಣಿ ಆಗಿಲ್ಲ ಅನ್ನೋ ಪ್ರಮಾಣಪತ್ರ, ಅತ್ತೆದು ಮತ್ತು ಅವರ ಸೋದರಮಾವಂದು ಛಾಪಾ ಕಾಗದದ ಮೇಲೆ ಅಫಿಡವಿಟ್: ಮಗುವಿನ ಪೂರ್ತಿ ಹೆಸರು, ಹುಟ್ಟಿದ ದಿನ, ಊರು, ತಂದೆ ತಾಯಿ ಹೆಸರು, ತಮಗೆ ಇದು ಹೇಗೆ ಗೊತ್ತು ಅನ್ನೋದು, ಸಹಿ, ನೋಟರಿ ಸೀಲು. ಎಲ್ಲಾ ಹೆಸರೂ ಪಾಸ್‌ಪೋರ್ಟಲ್ಲಿ ಇರೋ ಸ್ಪೆಲ್ಲಿಂಗಲ್ಲೇ ಇದೆಯಾ ಅಂತ ಟೈಪ್ ಆದ್ಮೇಲೆ ಅಕ್ಷರ ಅಕ್ಷರ ನೋಡಿ, ನೋಟರಿ ಮುಂದೆ ಹೋದ್ಮೇಲೆ ತಿದ್ದೋಕೆ ಆಗಲ್ಲ. ಕೋವಿಡ್ ಟೈಮಲ್ಲಿ ಇದನ್ನ ಶುರು ಮಾಡಿದ್ರೆ ಖಂಡಿತ ಆಗ್ತಿರ್ಲಿಲ್ಲ.

ಆಮೇಲೆ ದೊಡ್ಡ ನಿರಾಸೆ. 2021ರ ಆಗಸ್ಟಲ್ಲಿ ಇಬಿ-3ಲಿ ನನ್ನ ಡೇಟ್ ಕರೆಂಟ್ ಆಯ್ತು, ಅಂದ್ರೆ ಕಾರ್ಡ್ ಸಿಗೋ ಸರದಿ ಬಂತು, ಆದ್ರೆ ಡೌನ್‌ಗ್ರೇಡ್ ಐ-140 ಇನ್ನೂ ಪೆಂಡಿಂಗ್. ಹಿಂದಿನ ವರ್ಷ ಫ್ಯಾಮಿಲಿ ಕೋಟಾದಲ್ಲಿ ಉಳಿದಿದ್ದು ಸೇರಿ ಆ ವರ್ಷ 2,62,000 ಮೇಲಿತ್ತು ಕೋಟಾ, ಅದ್ರಲ್ಲಿ ಸುಮಾರು 66 ಸಾವಿರ ಬಳಕೆನೇ ಆಗ್ದೆ, ಸರ್ಕಾರಿ ವರ್ಷ ಮುಗಿಯೋ ಸೆಪ್ಟೆಂಬರ್ 30ಕ್ಕೆ ವ್ಯರ್ಥ ಆಯ್ತು. ಹತ್ತಾರು ವರ್ಷ ಕಾದೋರ ಕಣ್ಮುಂದೆ ಅಷ್ಟು ನಂಬರ್ ಹಾಳಾಗಿದ್ದು ನೆನೆಸ್ಕೊಂಡ್ರೆ ಇವತ್ತಿಗೂ ಸಿಟ್ಟು ಬರುತ್ತೆ. ನವೆಂಬರಲ್ಲಿ ಇಬಿ-3 2012ರ ಜನವರಿಗೆ ವಾಪಸ್ ಹೋಯ್ತು.

ಅಲ್ಲಿಗೆ ಇಬಿ-2 ಓಡೋಕೆ ಶುರು ಆಯ್ತು, 2022ರ ಮಾರ್ಚಲ್ಲಿ 2013ರ ಮೇ 1ಕ್ಕೆ ಬಂತು. ಹಾಕಿದ್ದ ಐ-485ನ ಹಳೇ ಇಬಿ-2 ಐ-140 ಮೇಲೆ ಕೂರ್ಸಿ ಅಂತ ಇಂಟರ್‌ಫೈಲಿಂಗ್ ಲೆಟರ್ ಬರೆದ್ವಿ, ಜೊತೆಗೆ ಕಂಪನಿ ಸಹಿ ಇರೋ ಸಪ್ಲಿಮೆಂಟ್ ಜೆ (ಕೆಲಸ ಇನ್ನೂ ಇದೆ ಅಂತ ಹೇಳೋ ಫಾರ್ಮ್), ಎರಡೂ ಐ-140 ನೋಟಿಸ್ ಕಾಪಿ. ಹೊಸದಾಗಿ ಫೀಸೂ ಇಲ್ಲ, ಹೊಸ 485ಊ ಬೇಡ. ಕೆಲವು ತಿಂಗಳಲ್ಲಿ ಅಪ್ರೂವಲ್ ಬಂತು. ಡಿಸೆಂಬರ್ ಹೊತ್ತಿಗೆ ಇಬಿ-2 ಮತ್ತೆ 2011ರ ಅಕ್ಟೋಬರ್‌ಗೆ ಹೋಯ್ತು, ನಮ್ಮ ಹಿಂದೇನೇ ಇದ್ದ ಸ್ನೇಹಿತರು ಅಲ್ಲೇ ಸಿಕ್ಕಾಕೊಂಡ್ರು.

485 ಪೆಂಡಿಂಗ್ ಇದ್ದಾಗ ಇಎಡಿ ಬಂದಿದ್ರೂ ನಾನು ಎಚ್-1ಬಿ ಬಿಡ್ಲಿಲ್ಲ, ಏನಾದ್ರೂ ರಿಜೆಕ್ಟ್ ಆದ್ರೆ ಕಾಲೂರೋಕೆ ಅದೊಂದು ಇರ್ಲಿ ಅಂತ. ಖರ್ಚು ಕಂಪನಿದು, ನೆಮ್ಮದಿ ನಮ್ದು.

ಇನ್ನು ಮಕ್ಕಳು ಹದಿನಾರು ಹದಿನೇಳು ದಾಟಿದೋರು ದಯವಿಟ್ಟು ಸಿಎಸ್‌ಪಿಎ (ಕ್ಯೂನಲ್ಲಿ ಕಾಯ್ತಾ 21 ದಾಟೋ ಮಕ್ಕಳನ್ನ ಕಾಪಾಡೋ ಕಾನೂನು) ಲೆಕ್ಕ ಇವತ್ತೇ ಹಾಕಿ. ವೀಸಾ ನಂಬರ್ ಸಿಗೋ ದಿನದ ವಯಸ್ಸಿಂದ ಐ-140 ಪೆಂಡಿಂಗ್ ಇದ್ದಷ್ಟು ದಿನ ಕಳೀಬೇಕು, ಅದು 21ರ ಒಳಗೆ ಇರ್ಬೇಕು. ಅಂದ್ರೆ ಪ್ರೀಮಿಯಂ ದುಡ್ಡು ಕಟ್ಟಿ ಐ-140 ಬೇಗ ಮುಗಿಸಿದ್ರೆ ಕಳೆಯೋಕೆ ಸಿಗೋ ದಿನಾನೂ ಕಮ್ಮಿ ಆಗುತ್ತೆ. ಮಗು ಗಡಿಲಿದ್ರೆ ಪ್ರೀಮಿಯಂ ಹಾಕೋ ಮುಂಚೆ ಲಾಯರ್ ಹತ್ರ ಕೂತು ಈ ಒಂದು ಲೆಕ್ಕ ಕಾಗದದ ಮೇಲೆ ಬರೆಸ್ಕೊಳ್ಳಿ.